ಏಳನೆಯ ಎಲೆ

ಬೋರ್ಡಣ್ಣ ಕೆಲಸ ಮುಗಿಸಿ ಆ ಹಳೇ ಬಂಗಲೆಯ ಹಿಂಬಾಗಿಲಿಗೆ ಬೀಗ ಹಾಕಿದಾಗ ಬೀದಿಯಲ್ಲಿ ಒಂದು ನಾಯಿಯೂ ಎಚ್ಚರವಿರಲಿಲ್ಲ. ಹಿತ್ತಿಲು ದಾಟಿದರೆ ಹಾಳು ಬಾವಿ. ಬಾವಿಯ ಕಟ್ಟೆಗೆ ಅಂಟಿಕೊಂಡೇ ಕಾಲುದಾರಿ. ಬೇರೆ ದಾರಿ ಇಲ್ಲ. ಕೈಯಲ್ಲಿ ಟಾರ್ಚು, ಹೆಗಲಲ್ಲಿ ಬ್ರಷ್ಷು, ದಾರ, ಬಣ್ಣದ ಡಬ್ಬಿ ತುಂಬಿದ ಚೀಲ. ಚಪ್ಪಲಿಯ ಸದ್ದು ಮಾತ್ರ... ಚಪ್, ಚಪ್, ಚಪ್.

ಬಾವಿಯ ಹತ್ತಿರ ಬಂದಾಗ ಹಿಂದಿನಿಂದ ಒಂದು ಸದ್ದು.

ಟಪ್.

ನಿಂತ.

ಮತ್ತೆ... ಟಪ್.

ನೀವಾಗಿದ್ದರೆ ಹಲ್ಲಿಯೋ ಕಿಟಕಿಯೋ ಅಂದುಕೊಂಡು ನಡೆದುಬಿಡುತ್ತಿದ್ದಿರಿ. ಬೋರ್ಡಣ್ಣನಿಗೆ ಹಾಗೆ ಅಂದುಕೊಳ್ಳಲು ಆಗಲಿಲ್ಲ. ಆ ಸದ್ದನ್ನು ದಿನಾ ಮಾಡುವವನೇ ಅವನು. ಗೋಡೆಯ ಮೇಲೆ ನೇರ ಗೆರೆ ಬೇಕಾದರೆ ಬೋರ್ಡು ಬರೆಯುವವರು ಒಂದು ದಾರಕ್ಕೆ ನೀಲಿ ಪುಡಿ ಸವರುತ್ತಾರೆ. ಮೇಲೊಂದು ಮೊಳೆಗೆ ಕಟ್ಟಿ, ಕೆಳಗಿನ ತುದಿಯನ್ನು ಬಿಗಿಯಾಗಿ ಹಿಡಿದು, ನಡುವೆ ಎರಡು ಬೆರಳಲ್ಲಿ ಎಳೆದು ಬಿಡುತ್ತಾರೆ. ದಾರ ಗೋಡೆಗೆ ಬಡಿಯುತ್ತದೆ, ಟಪ್. ಗೆರೆ ಬಿತ್ತು. ಹಲ್ಲಿ ಹಾಗೆ ಸದ್ದು ಮಾಡುವುದಿಲ್ಲ.

ಚೀಲದೊಳಗೆ ಕೈ ಹಾಕಿ ತಡಕಿದ. ದಾರದ ಉಂಡೆ ಚೀಲದಲ್ಲೇ ಇತ್ತು. ಬೀಗದ ಕೈ ಜೇಬಿನಲ್ಲಿತ್ತು. ಅಷ್ಟರಲ್ಲಿ ಬೀಗ ಹಾಕಿದ ಬಂಗಲೆಯ ದೊಡ್ಡ ಹಾಲಿನೊಳಗಿಂದ ಇನ್ನೊಂದು ಸಲ... ಟಪ್. ಅವನು ಹಿಂತಿರುಗಿ ನೋಡದೆ, ಜೀವ ಕೈಯಲ್ಲಿ ಹಿಡಿದುಕೊಂಡು ಮನೆ ಸೇರಿದ.

ಇದು ಅಲ್ಲಿ ಇಲ್ಲಿ ಕೇಳಿ ಹೇಳುತ್ತಿರುವುದಲ್ಲ. ಬೋರ್ಡಣ್ಣ ಅಂದರೆ ನಮ್ಮ ದೊಡ್ಡಮ್ಮನ ಮಗ. ಅಂಗಡಿಯ ಬೋರ್ಡಾಗಲಿ, ಶಾಲೆಯ ಗೋಡೆಯಾಗಲಿ, ಲಾರಿಯ ಹಿಂಬದಿಯಾಗಲಿ, ಅಕ್ಷರ ಬೇಕೆಂದರೆ ಅವನೇ ಬರೆಯಬೇಕು. ಅವನ ಸ್ವಂತ ಹೆಸರು ಎಲ್ಲರಿಗೂ ಮರೆತುಹೋಗಿದೆ, ಅವನಿಗೂ ಮರೆತಿದ್ದರೆ ಆಶ್ಚರ್ಯವಿಲ್ಲ. ಅಳತೆಯ ವಿಷಯದಲ್ಲಿ ಮಾತ್ರ ಸಿಕ್ಕಾಪಟ್ಟೆ ಜಂಬದ ಮನುಷ್ಯ. ಟೇಪು ತಪ್ಪಿದರೂ ನನ್ನ ಕಣ್ಣು ತಪ್ಪಲ್ಲ ಅನ್ನುವವನು.

ಆ ಬಂಗಲೆ ಬಿಳಿಯರ ಕಾಲದ್ದು. ಈಗಿನ ಯಜಮಾನರು ರಿಟೈರಾದ ವಕೀಲರು. ಅವರ ಮುತ್ತಜ್ಜಿಯನ್ನು ಮನೆಯಲ್ಲಿ ಎಲ್ಲರೂ ಮೂಲಜ್ಜಿ ಅನ್ನುತ್ತಿದ್ದರು. ಆಕೆ ಬಂಗಲೆಯ ದೊರೆಯ ಮಗುವಿಗೆ ಹಾಲೂಡಿಸಿ ಸಾಕಿದವಳು. ಊರು ಬಿಟ್ಟು ಹಡಗು ಹತ್ತುವಾಗ ದೊರೆ ಬಂಗಲೆಯನ್ನೇ ಅವಳಿಗೆ ಬಿಟ್ಟುಹೋದ. ಅಲ್ಲಿಂದ ಆ ಕುಟುಂಬ ಬೆಳೆದದ್ದೇ ಬೆಳೆದದ್ದು.

ಕಪ್ಪು ಕೋಟು ಬಿಚ್ಚಿಟ್ಟ ಮೇಲೆ ವಕೀಲರಿಗೆ ಹೊತ್ತು ಹೋಗಬೇಕಲ್ಲ? ಮೂಲಜ್ಜಿಯ ಹಿಂದುಮುಂದೆಲ್ಲ ಹುಡುಕಲು ಕೂತರು. ನೆಂಟರ ಮದುವೆಗೆ ಹೋದರೂ ಅಷ್ಟೇ, ಸಾವಿಗೆ ಹೋದರೂ ಅಷ್ಟೇ, ಒಬ್ಬ ಮುದುಕ ಸಿಕ್ಕರೆ ಸಾಕು, ನಿಮ್ಮ ಅಜ್ಜನ ತಾಯಿ ಯಾರು ಅಂತ ಪಾಟೀಸವಾಲು ಶುರು. ಹಾಗೆ ಕೇಳಿ ಕೇಳಿ, ಆಕೆಯ ಆರು ಮಕ್ಕಳ ಸಂತತಿಯನ್ನೆಲ್ಲ ಒಟ್ಟು ಮಾಡಿದರು. ಸಮುದ್ರದಾಚೆ ಹೋದವರು ಸಿಕ್ಕರು. ಒಬ್ಬ ಮರಿಮಗ ಜೈಲಿನಲ್ಲಿ ಸಿಕ್ಕ. "ಅವನ ಹೆಸರೂ ಬಿಡಬೇಡಿ ಕಣ್ರೀ, ಕಳ್ಳನಾದರೂ ನಮ್ಮ ರಕ್ತವೇ" ಅಂದಿದ್ದರು ಬೋರ್ಡಣ್ಣನಿಗೆ.

ಎಲ್ಲರನ್ನೂ ಒಂದು ದಿನ ಬಂಗಲೆಗೆ ಕರೆಯುವುದು, ಅವರು ಬರುವಷ್ಟರಲ್ಲಿ ಹಾಲಿನ ದೊಡ್ಡ ಗೋಡೆಯ ಮೇಲೆ ವಂಶದ ಮರ ಬರೆಸುವುದು ಅಂತಾಯಿತು. ಕಾಂಡದಲ್ಲಿ ಮೂಲಜ್ಜಿ. ಮೇಲೆ ಆರು ಕೊಂಬೆ. ಒಬ್ಬೊಬ್ಬರಿಗೆ ಒಂದೊಂದು ಹಸಿರು ಎಲೆ, ಎಲೆಯೊಳಗೆ ಬಿಳಿ ಅಕ್ಷರದಲ್ಲಿ ಹೆಸರು. ಹಗಲು ಹೊತ್ತು ಅದೇ ಹಾಲಿನಲ್ಲಿ ಬಡಗಿಗಳು ಕಿಟಕಿ ಉಜ್ಜುತ್ತಿದ್ದರು. ಆ ಧೂಳು ಹಸಿ ಬಣ್ಣದ ಮೇಲೆ ಕೂತರೆ ಕೆಲಸ ಕೆಟ್ಟಿತು. ಅದಕ್ಕೇ ಬೋರ್ಡಣ್ಣನಿಗೆ ರಾತ್ರಿ ಪಾಳಿ.

ಆ ಮೊದಲ ರಾತ್ರಿ ಅವನು ದಾರ ಹೊಡೆದು ಗೋಡೆಯನ್ನು ಕೊಂಬೆಗೊಂದರಂತೆ ಆರು ಮನೆ ಮಾಡಿ ಬಂದಿದ್ದ. ಸಮಸಮ. ಮರುದಿನ ಹೊತ್ತು ಮುಳುಗಿದ ಮೇಲೆ ಹೋಗಿ ಲೈಟು ಹಾಕಿ ನೋಡಿದರೆ... ಏಳು.

ಯಾರೋ ಮೂಲೆಯಲ್ಲಿ ಒಂದು ಗೆರೆ ಗೀಚಿ ಕೀಟಲೆ ಮಾಡಿದ್ದಲ್ಲ. ಅವನು ಹಾಕಿದ್ದ ಗೆರೆಗಳ ಗುರುತೇ ಇರಲಿಲ್ಲ. ಗೋಡೆ ಹೊಸದಾಗಿ ಏಳು ಭಾಗವಾಗಿತ್ತು. ಟೇಪು ಹಿಡಿದು ನೋಡಿದ. ಕೂದಲೆಳೆಯಷ್ಟು ತಪ್ಪಿಲ್ಲ. ಅವನೇ ಹೊಡೆದ ಹಾಗಿತ್ತು.

ಬಡಗಿಗಳ ಮೇಲೆ ಅನುಮಾನ ಬಂತು. ಅವತ್ತು ಗೋಡೆ ಮುಟ್ಟದೆ ಮನೆಗೆ ಹೋಗಿ, ಬೆಳಿಗ್ಗೆಯೇ ಬಂದು ಅವರನ್ನು ಹಿಡಿದುಕೊಂಡ.

"ನಿನ್ ಗೋಡೆ ಮುಟ್ಟೋಕೆ ನಮಗೇನ್ ತಲೆ ಕೆಟ್ಟಿದ್ಯಾ ಮಾರಾಯ? ಕಿಟಕಿ ಕೂರಿಸೋದ್ರಲ್ಲೇ ಬೆನ್ನು ಬಿದ್ದೋಗಿದೆ" ಅಂದರು.

ವಕೀಲರನ್ನು ಕೇಳಿದ. "ಸಾರ್, ಆರೇ ಮಕ್ಕಳು ತಾನೆ?"

"ಆರೇ ಕಣ್ರೀ. ಕೋರ್ಟಲ್ಲಿ ಪ್ರಮಾಣ ಮಾಡಿ ಹೇಳ್ಲಾ? ಯಾಕೆ, ನಿಮ್ಮ ಟೇಪು ಏನಾದ್ರೂ ಬೇರೆ ಹೇಳ್ತಿದ್ಯಾ?" ಅಂತ ನಕ್ಕರು. ನಕ್ಕವರು ಹಾಗೇ ಮಾತಿಗೆ ಕೇಳಿದರು. "ನಿಮಗೆಷ್ಟ್ರೀ ಮಕ್ಕಳು?"

"ಒಬ್ಳೇ ಮಗಳು ಸಾರ್."

ತಟ್ಟನೆ ಬಂತು ಉತ್ತರ. ಯಾವಾಗಲೂ ಹಾಗೇ ಬರುತ್ತಿತ್ತು. ಈ ಕತೆಯಲ್ಲಿ ನನಗೆ ಹೇಳುವುದಕ್ಕೆ ಕಷ್ಟವಾಗುವುದು ದೆವ್ವದ ಭಾಗವಲ್ಲ, ಇದು. ಮಗಳಾದ ಮೇಲೆ ಅವರಿಗೆ ಒಂದು ಗಂಡು ಮಗು ಹುಟ್ಟಿತ್ತು. ದಿನ ತುಂಬುವ ಮೊದಲೇ ಹುಟ್ಟಿದ್ದು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಇದ್ದು ಹೋಯಿತು. ನಮ್ಮ ಅತ್ತಿಗೆ, ಅಂದರೆ ಬೋರ್ಡಣ್ಣನ ಹೆಂಡತಿ, ಇನ್ನೊಂದು ವಾರ್ಡಿನಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದಳು. ಅವಳು ಮುಖ ನೋಡಿದರೆ ಜನ್ಮದಲ್ಲಿ ಮರೆಯುವುದಿಲ್ಲ, ನೋಡದಿದ್ದರೇ ಒಳ್ಳೆಯದು ಅಂತ ಇವನೇ ತೀರ್ಮಾನ ಮಾಡಿದ. ಬೆಳಗಾಗುವ ಮೊದಲೇ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದ. ಪ್ರೀತಿಯಿಂದಲೇ ಮಾಡಿದ, ಅದರಲ್ಲಿ ಅನುಮಾನವಿಲ್ಲ. ಅವಳು ಕಣ್ಣು ಬಿಟ್ಟಾಗ ಮಗುವೂ ಇರಲಿಲ್ಲ, ಮಗುವಿನ ಮುಖವೂ ಇರಲಿಲ್ಲ.

ಆಮೇಲೆ ಯಾರು ಕೇಳಿದರೂ ಇವನು "ಒಬ್ಳೇ ಮಗಳು" ಅನ್ನುತ್ತಿದ್ದ. ಮಾತು ಬೆಳೆಯಬಾರದು, ಅವಳ ಗಾಯ ಕೆದಕಬಾರದು ಅಂತ. ಒಂದು ಸಲ ನೆಂಟರ ಮನೆಯಲ್ಲಿ ಅವಳ ಎದುರೇ ಹಾಗೆ ಅಂದ. ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟು ಎದ್ದು ಹೋದಳು. ಅವತ್ತಿನಿಂದ ಬೇಕಾದ್ದಕ್ಕೆ ಎರಡು ಮಾತು, ಅಷ್ಟೇ. ಒಂದೇ ಸೂರಿನ ಕೆಳಗೆ ಇಬ್ಬರು ಬಾಡಿಗೆದಾರರ ಹಾಗೆ ಬದುಕುತ್ತಿದ್ದರು. ಹಾಗೇ ಮುಂದುವರಿದರೆ ಒಂದು ದಿನ ಅವಳು ಮಗಳನ್ನು ಕರೆದುಕೊಂಡು ಅಣ್ಣನ ಮನೆಗೆ ಹೋಗಿಬಿಡುತ್ತಾಳೆ ಅಂತ ನಮಗೆಲ್ಲ ಗೊತ್ತಿತ್ತು. ಅವನಿಗೂ ಗೊತ್ತಿತ್ತು.

ಸರಿ. ಅವತ್ತು ರಾತ್ರಿ ಒದ್ದೆ ಬಟ್ಟೆಯಲ್ಲಿ ಏಳನ್ನು ಒರೆಸಿ, ಮತ್ತೆ ಆರು ಹೊಡೆದು ಬಂದ. ಬಾವಿಯ ಹತ್ತಿರ ಕಿವಿ ಮುಚ್ಚಿಕೊಂಡು ಓಡಿದ. ಮಾರನೆಯ ದಿನ ಮತ್ತೆ ಏಳು.

ಈಗ ಅವನಿಗೆ ಹೆದರಿಕೆಗಿಂತ ರೋಷ ಹೆಚ್ಚಾಯಿತು. ಅಳತೆಯಲ್ಲಿ ತನ್ನನ್ನು ಯಾರು ತಿದ್ದುವವರು? ಮತ್ತೆ ಆರು ಹೊಡೆದ, ಆದರೆ ಮನೆಗೆ ಹೋಗಲಿಲ್ಲ. ದಾರವನ್ನು ಮೊಳೆಯಲ್ಲೇ ಬಿಟ್ಟು ಏಣಿಯ ಬುಡದಲ್ಲಿ ಕೂತ. ಹಗಲಿನ ಬೋರ್ಡು ಕೆಲಸದ ಬ್ರಷ್ಷುಗಳನ್ನು ಟರ್ಪೆಂಟೈನಿನಲ್ಲಿ ತೊಳೆಯುತ್ತ ಕಾದ. ಬ್ರಷ್ಷು ಡಬ್ಬಿಯ ಅಂಚಿಗೆ ತಗಲುವ ಸದ್ದು... ಟಿಣ್, ಟಿಣ್. ಮೇಲೆ ಒಂದೇ ಬಲ್ಬು. ಮೇಲಂತಸ್ತಿನಲ್ಲಿ ವಕೀಲರ ಗೊರಕೆ. ಆಮೇಲೆ ಅದೂ ನಿಂತಿತು.

ದಾರ ಕಿಟಕಿಯ ಗಾಳಿಗೆ ಜೋಲಾಡುತ್ತಿತ್ತು.

ನಿಂತಿತು.

ಗಾಳಿ ಬಿದ್ದಾಗ ನಿಲ್ಲುವ ಹಾಗಲ್ಲ... ಯಾರೋ ತುದಿ ಹಿಡಿದ ಹಾಗೆ. ಮೆಲ್ಲಗೆ ಬಿಗಿಯಾಯಿತು. ಮೇಲಿನ ಮೊಳೆ ಕಿರ್ ಅಂದಿತು. ದಾರದ ನಡುಭಾಗ ಒಂದು ಗೇಣು ಈಚೆಗೆ ಬಂತು. ಎರಡು ಬೆರಳು ಎಳೆದ ಹಾಗೆ ಅಲ್ಲೇ ಬಾಗಿ ನಿಂತಿತು.

ಟಪ್.

ನೀಲಿ ಪುಡಿ ಬಲ್ಬಿನ ಬೆಳಕಿನಲ್ಲಿ ಉದುರಿ ನೆಲಕ್ಕೆ ಬಿತ್ತು.

ಆಗ ಪಕ್ಕದ ಕೋಣೆಯಿಂದ ಒಂದು ಪಿಸುದನಿ.

"ಏಳಾಯ್ತಾ?"

ಅವನು ಏಣಿ ಹಿಡಿದು ಎದ್ದ. "ಯಾ... ಯಾರು?"

"ಹೆದರ್ಬೇಡಪ್ಪ, ನಾನಿನ್ನೂ ಸತ್ತಿಲ್ಲ. ಒಳಗೆ ಬಾ."

ವಕೀಲರ ಸೋದರತ್ತೆ. ಮೂಲಜ್ಜಿಯ ಮೊಮ್ಮಗಳು. ಹಾಸಿಗೆ ಹಿಡಿದು ಬಹಳ ಕಾಲವಾಗಿತ್ತು, ನಾಲಿಗೆ ಮಾತ್ರ ಚುರುಕಾಗಿತ್ತು. ಬೋರ್ಡಣ್ಣ ಗೋಡೆ ಹಿಡಿದುಕೊಂಡು ಹೋಗಿ ಆಕೆಯ ಮಂಚದ ಕಾಲಬಳಿ ಕೂತ.

"ಅಜ್ಜಿ... ಅಲ್ಲಿ ದಾರ..."

"ಗೊತ್ತು. ಎರಡು ರಾತ್ರಿಯಿಂದ ಕೇಳಿಸ್ಕೋತಾ ಇದೀನಿ. ನೀನು ಹೊಡೀತೀಯ, ಅವಳೂ ಹೊಡೀತಾಳೆ."

"ಯಾರವಳು?"

"ನಮ್ಮಜ್ಜಿ." ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡಳು. "ಏಳು ಹೆತ್ತವಳು ಕಣೋ ಅವಳು. ಆರಲ್ಲ."

ಆಮೇಲೆ ಮುದುಕಿ ಹೇಳಿದ್ದನ್ನು ಬೋರ್ಡಣ್ಣ ನನಗೆ ಹೇಳಿದಂತೆಯೇ ಹೇಳುತ್ತೇನೆ. ದೊರೆಸಾನಿಗೆ ಹೆರಿಗೆಯಾಗಿ ಹಾಲು ಬರಲಿಲ್ಲ. ಮೂಲಜ್ಜಿಯ ಮಡಿಲಲ್ಲಿ ಆಗಷ್ಟೇ ಹುಟ್ಟಿದ ಏಳನೆಯ ಕೂಸು. ಅವಳನ್ನು ಬಂಗಲೆಗೆ ಕರೆಸಿದರು. ಕೆಲಸಕ್ಕೊಂದು ಕಟ್ಟಳೆ ಇತ್ತು. ಹಾಲು ದೊರೆಯ ಮಗುವಿಗೆ ಮಾತ್ರ. ಸ್ವಂತ ಮಗುವಿಗೆ ಕೊಡುವಂತಿಲ್ಲ, ಮನೆಗೆ ಹೋಗುವಂತಿಲ್ಲ, ಮಗು ಒಳಗೆ ಬರುವಂತಿಲ್ಲ. ಮನೆಯಲ್ಲಿ ಕೂಸಿಗೆ ಬಟ್ಟೆಯ ಬತ್ತಿಯಲ್ಲಿ ಹಸುವಿನ ಹಾಲಿಗೆ ನೀರು ಬೆರೆಸಿ ಹಿಂಡುತ್ತಿದ್ದರು. ಸಂಜೆಯಾದರೆ ಹಿರಿಮಗಳು, ಈ ಮುದುಕಿಯ ತಾಯಿ, ಆಗಿನ್ನೂ ಚಿಕ್ಕ ಹುಡುಗಿ, ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಂಗಲೆಯ ಹಿಂದಿನ ಗೇಟಿನ ಹತ್ತಿರ ನಿಲ್ಲುತ್ತಿದ್ದಳು. ಅಮ್ಮನಿಗೆ ಅಳುವಾದರೂ ಕೇಳಿಸಲಿ ಅಂತ.

"ಇದೇ ಹಾಲಲ್ಲಿ, ಇದೇ ಗೋಡೆಗೆ ಒರಗಿ ಕೂತಿರ್ತಿದ್ಳಂತೆ" ಅಂದಳು ಮುದುಕಿ. "ತೊಡೆ ಮೇಲೆ ಅವರ ಮಗು. ಹೊರಗೆ ತನ್ನದು ಅಳೋದು ಕೇಳಿದ ಕೂಡಲೇ ಎದೆ ತುಂಬಿ, ಹಾಲು ತಾನಾಗೇ ಸುರಿದು, ಬಟ್ಟೆಯೆಲ್ಲ ನೆನೆದು ಹೋಗ್ತಿತ್ತಂತೆ. ಏಳಂಗಿಲ್ಲ. ಎದ್ರೆ ಕೆಲಸ ಹೋಗತ್ತೆ. ಮನೇಲಿ ಇನ್ನೂ ಆರು ಹೊಟ್ಟೆ."

"ಆಮೇಲೆ?"

"ಒಂದು ಸಂಜೆ ನಮ್ಮಮ್ಮ ಗೇಟಿನ ಹತ್ರ ಬರ್ಲಿಲ್ಲ. ಅಷ್ಟೇ. ಯಾರೂ ಬಂದು ಏನೂ ಹೇಳ್ಬೇಕಾಗ್ಲಿಲ್ಲ."

ಮುದುಕಿ ದಿಂಬು ಸರಿ ಮಾಡಿಕೊಂಡಳು. ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು.

"ದೊರೆ ಕೊಟ್ಟ ಮನೆ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತಾನೆ ನನ್ನ ಅಳಿಯ. ಯಾವುದಕ್ಕೆ ಕೊಟ್ಟ ಅಂತ ಯಾರೂ ಕೇಳಲ್ಲ. ಆ ಕೂಸಿಗೆ ಹೆಸರಿಟ್ಟಿರ್ಲಿಲ್ಲ. ಹೆಸರಿಲ್ಲದ್ದನ್ನ ಯಾರು ಲೆಕ್ಕಕ್ಕೆ ತಗೋತಾರೆ? ನಮ್ಮಜ್ಜಿ ಸಾಯೋಗಂಟ ಕೇಳಿದವರಿಗೆಲ್ಲ ಏಳು ಅಂತಾನೇ ಹೇಳ್ತಿದ್ಳು. ಮನೆಯವರು ತಿದ್ದೋರು, ಆರಮ್ಮಾ, ಆರು ಅಂತ. ಮರೆವು ಅಂದ್ಕೊಂಡಿದ್ರು. ನಾನೂ ತಿದ್ದಿದೀನಿ ಕಣಪ್ಪ... ಚಿಕ್ಕೋಳಿದ್ದೆ, ನಗ್ತಾ ನಗ್ತಾ ತಿದ್ದಿದೀನಿ. ಎಲ್ಲ ಸೇರಿ ತಿದ್ದೀ ತಿದ್ದೀ ಅವಳು ಕೊನೆಗೆ ಬೆರಳು ತೋರಿಸೋಕೆ ಶುರು ಮಾಡಿದ್ಳು. ಬಾಯಲ್ಲಿ ಆರು ಅನ್ನೋಳು, ಬೆರಳು ಏಳು."

ಬೋರ್ಡಣ್ಣ ತಲೆ ತಗ್ಗಿಸಿ ಕೂತಿದ್ದ.

"ನಿನಗೆಷ್ಟು ಮಕ್ಕಳಪ್ಪ?" ಅಂದಳು ಮುದುಕಿ.

ಯಾವಾಗಲೂ ತಟ್ಟನೆ ಬರುವ ಮಾತು ಅವತ್ತು ಬರಲಿಲ್ಲ.

"ಇಬ್ರು ಅಜ್ಜಿ" ಅಂದ. ಆಸ್ಪತ್ರೆಯಲ್ಲೂ ಅಳದಿದ್ದವನು, ಮಣ್ಣು ಹಾಕುವಾಗಲೂ ಅಳದಿದ್ದವನು, ಆ ಮಂಚದ ಕಾಲು ಹಿಡಿದುಕೊಂಡು ಚಿಕ್ಕ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಮುದುಕಿ ಸುಮ್ಮನಿರು ಅನ್ನಲಿಲ್ಲ. ಅವನ ತಲೆಯ ಮೇಲೆ ಕೈಯಿಟ್ಟು ಮಲಗಿದ್ದಳು.

ಅವನು ಮತ್ತೆ ಹಾಲಿಗೆ ಬಂದಾಗ ಗೋಡೆ ಏಳು ಮನೆಯಾಗಿತ್ತು. ಈ ಸಲ ಒರೆಸಲಿಲ್ಲ. ಅವತ್ತೂ, ಮುಂದಿನ ರಾತ್ರಿಗಳಲ್ಲೂ ಆ ಗೆರೆಗಳ ಮೇಲೆಯೇ ಮರ ಬರೆದ. ಏಳು ಕೊಂಬೆ. ಆರರಲ್ಲಿ ಹಸಿರು ಎಲೆ, ಹೆಸರು, ಮಕ್ಕಳು, ಮೊಮ್ಮಕ್ಕಳು, ಜೈಲಿನ ಮಹಾಶಯ, ಎಲ್ಲರೂ. ಏಳನೆಯದರಲ್ಲಿ ಒಂದೇ ಎಲೆ. ಬಿಳಿ. ಒಳಗೆ ಅಕ್ಷರವಿಲ್ಲ. ದಾರ ಸುಮ್ಮನೆ ಜೋಲಾಡಿಕೊಂಡಿತ್ತು. ಸದ್ದೇನೂ ಬರಲಿಲ್ಲ.

ವಕೀಲರು ನೋಡಿ ಕೆಂಡವಾದರು. "ಏನ್ರೀ ಇದು? ಖಾಲಿ ಎಲೆ? ನೂರು ಜನ ಬರ್ತಾರೆ, ಒಬ್ಬೊಬ್ರೂ ಕೇಳ್ತಾರೆ, ಇದ್ಯಾರದ್ದು ಅಂತ!"

ಒಳಗಿನಿಂದ ಮುದುಕಿಯ ದನಿ ಬಂತು. "ಕೇಳ್ಲಿ ಬಿಡೋ. ಕೇಳ್ಲಿ ಅಂತಾನೇ ಬರೆದಿರೋದು. ನೀನು ಇಲ್ಲಿ ಬಾ, ಹೇಳ್ತೀನಿ."

ಅವರು ಒಳಗೆ ಹೋದರು. ಹೊರಗೆ ಬಂದಾಗ ಕನ್ನಡಕ ಕೈಯಲ್ಲಿತ್ತು. ಗೋಡೆಯ ಮುಂದೆ ನಿಂತು ನೋಡಿದರು. ಎಲ್ಲರ ತಲೆಮಾರುಗಳನ್ನೂ ಜಾಲಾಡಿದ ಮನುಷ್ಯ ಕನ್ನಡಕ ಹಾಕಿಕೊಳ್ಳುವುದನ್ನೂ ಮರೆತು ಮೆಟ್ಟಿಲು ಹತ್ತಿ ಹೋದರು.

ಅಜ್ಜಿಯ ಮುಂದೆ ಅತ್ತ ಆ ರಾತ್ರಿ ಬೋರ್ಡಣ್ಣ ಮನೆಗೆ ಬಂದಾಗ ಮಗಳು ಮಲಗಿದ್ದಳು. ಅತ್ತಿಗೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅವನು ಕತ್ತಲಲ್ಲೇ ಹಾಸಿಗೆಯ ಅಂಚಿನಲ್ಲಿ ಕೂತ.

"ಎದ್ದಿದೀಯಾ?"

ಅವಳ ಬಳೆ ಸದ್ದಾಯಿತು.

"ಇವತ್ತೊಬ್ರು ಕೇಳಿದ್ರು. ಎಷ್ಟು ಮಕ್ಕಳು ಅಂತ."

ಉಸಿರಿನ ಸದ್ದು ನಿಂತಿತು.

"ಇಬ್ರು ಅಂದೆ."

ಅವಳು ಈಚೆಗೆ ಹೊರಳಿದಳು. ಆಮೇಲೆ ಕತ್ತಲೊಳಗಿಂದ, ಅಷ್ಟು ಕಾಲ ಕೇಳಬೇಕೆಂದು ಇಟ್ಟುಕೊಂಡಿದ್ದ ಮಾತು ಬಂತು. "ರೀ... ಅವನು ಹೇಗಿದ್ದ?"

ಅವನು ಹೇಳಿದ. ಅವನೊಬ್ಬನೇ ತಾನೆ ನೋಡಿದವನು?

"ಕಿವಿ ನಿನ್ನದೇ. ತುದಿ ಒಂಚೂರು ಮಡಚ್ಕೊಂಡಿತ್ತು. ತಲೆ ತುಂಬಾ ಕೂದಲು."

"ಬೆರಳು?"

"ಉದ್ದ. ಬ್ರಷ್ಷು ಹಿಡಿಯೋ ಬೆರಳು ಅಂದ್ಕೊಂಡೆ ಆವಾಗ."

"ಕಣ್ಣು ಬಿಟ್ಟಿದ್ನಾ?"

"ಒಂದ್ಸಲ."

"ಯಾರನ್ನ ನೋಡ್ದ?"

"ನನ್ನ."

ಅವಳು ಅವನ ಕೈ ಹುಡುಕಿ ಹಿಡಿದುಕೊಂಡಳು. "ಸದ್ಯ... ಯಾರನ್ನಾದ್ರೂ ನೋಡ್ಕೊಂಡು ಹೋದ್ನಲ್ಲ" ಅಂದಳು. ಬೆಳಕು ಹರಿಯುವವರೆಗೂ ಕೇಳುತ್ತಲೇ ಇದ್ದಳು. ಮೂಗು ಹೇಗಿತ್ತು, ಬಣ್ಣ ಹೇಗಿತ್ತು, ಯಾವ ಬಟ್ಟೆಯಲ್ಲಿ ಸುತ್ತಿದಿರಿ, ಯಾವ ಮರದ ಕೆಳಗೆ ಮಲಗಿಸಿದಿರಿ. ಗೊತ್ತಿದ್ದದ್ದನ್ನೆಲ್ಲ ಅವನು ಹೇಳಿದ. ಅಷ್ಟು ಚಿಕ್ಕ ಮಗುವಿನ ವಿಷಯ ಹೇಳುವುದಕ್ಕೆ ಅಷ್ಟು ಇತ್ತು.

ಎಲ್ಲರೂ ಸೇರುವ ದಿನ ಬಂತು. ಬೋರ್ಡಣ್ಣನ ಮನೆಯವರನ್ನೂ ಕರೆದಿದ್ದರು, ಅವರ ಜೊತೆ ನಾನೂ ಹೋಗಿದ್ದೆ. ಎಲ್ಲೆಲ್ಲಿಂದಲೋ ಬಂದವರು, ಒಬ್ಬರ ಭಾಷೆ ಒಬ್ಬರಿಗೆ ಬರದವರು, ತಮ್ಮ ತಮ್ಮ ಎಲೆ ಹುಡುಕಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಬಿಳಿ ಎಲೆ ಯಾರದೆಂದು ಕೇಳಿದವರಿಗೆಲ್ಲ ವಕೀಲರೇ ನಿಂತು ಹೇಳುತ್ತಿದ್ದರು. ಬಣ್ಣ ಹಾಕಿ ಆಗಲೇ ತುಂಬಾ ದಿನವಾಗಿತ್ತು. ಮಕ್ಕಳು ಆ ಎಲೆಯನ್ನು ಮುಟ್ಟುತ್ತಿದ್ದರು. ನಾನೂ ಮುಟ್ಟಿ ನೋಡಿದ್ದೆ. ಗಾಜಿನ ಹಾಗೆ ಒಣಗಿತ್ತು.

ಜನ ಊಟಕ್ಕೆ ಎದ್ದ ಮೇಲೆ ಅತ್ತಿಗೆ ಒಬ್ಬಳೇ ಗೋಡೆಯ ಹತ್ತಿರ ಹೋದಳು. ಆ ಎಲೆಯ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿಕೊಂಡು ನಿಂತಳು. ನಾನು ಬಾಗಿಲಲ್ಲಿದ್ದೆ. ಕೈ ತೆಗೆದಾಗ ಅಂಗೈ ಒದ್ದೆಯಾಗಿತ್ತು... ಬೆಳ್ಳಗೆ. ಮಣಿಕಟ್ಟಿನವರೆಗೆ ಇಳಿದಿತ್ತು. ನಾನು ಓಡಿಹೋಗಿ ಎಲೆ ಮುಟ್ಟಿ ನೋಡಿದೆ, ಒಣಗಿಯೇ ಇತ್ತು. ಒರೆಸಿಕೋ ಅಂತ ಕರವಸ್ತ್ರ ಕೊಟ್ಟೆ. ಅವಳು ತಗೊಳ್ಳಲಿಲ್ಲ, ಅಂಗೈಯನ್ನು ಎದೆಗೊತ್ತಿಕೊಂಡಳು. ನಂಬಿ, ಬಿಡಿ, ನಾನು ಅವಳ ಪಕ್ಕದಲ್ಲೇ ನಿಂತಿದ್ದೆ, ಬಣ್ಣದ ವಾಸನೆ ಸ್ವಲ್ಪವೂ ಇರಲಿಲ್ಲ.